ಡಿಸ್ಯಾಂಟಿಸ್ ಪ್ರಚಾರ ಯಾಕೆ ನೆಲಕಚ್ಚಿತು?

ಓದುಗರ ಪ್ರಶ್ನೆ: 2022ರ ಕೊನೆಯಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಯಾರ ಬಾಯಲ್ಲಿ ಕೇಳಿದರೂ ಗವರ್ನರ್ ರಾನ್ ಡಿಸ್ಯಾಂಟಿಸ್ ಹೆಸರೇ. ಮುಂದಿನ ಅಧ್ಯಕ್ಷ ಇವರೇ ಅಂತ ಅಕ್ಕಪಕ್ಕದವರು ಹೇಳುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಎಲ್ಲ ತಲೆಕೆಳಗಾಯಿತು. ಹಣ ಇತ್ತು, ಹೆಸರಿತ್ತು, ವಯಸ್ಸೂ ಇತ್ತು. ಆದರೂ ಯಾಕೆ ಹೀಗಾಯಿತು? ಸಲಹೆಗಾರರು ಸರಿ ಇರಲಿಲ್ವಾ, ಅಭ್ಯರ್ಥಿಯೇ ಸರಿ ಇರಲಿಲ್ವಾ? ಹೀಗೆ ಮುಗ್ಗರಿಸಿದ ಪ್ರಚಾರ ಮತ್ತೆ ಎದ್ದು ನಿಲ್ಲುವುದುಂಟಾ? ಅವರು 2028ರವರೆಗೆ ಕಾಯಬೇಕಿತ್ತಾ?

ಉತ್ತರ: ನಿಮ್ಮ ಮಗಳ ಅಕ್ಕಪಕ್ಕದವರು ಸುಮ್ನೆ ಹೇಳಿರಲಿಲ್ಲ. ಆಗ ಅಮೆರಿಕದ ರಾಜಕೀಯ ಬಲ್ಲ ಬಹಳ ಜನ ಹಾಗೇ ಅಂದುಕೊಂಡಿದ್ದರು. ಕಾರಣವೂ ಇತ್ತು. 2018ರಲ್ಲಿ ಡಿಸ್ಯಾಂಟಿಸ್ ಗವರ್ನರ್ ಆಗಿದ್ದು ಬರೀ 32 ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿ. ನಾಲ್ಕು ವರ್ಷದ ನಂತರ, 2022ರ ನವೆಂಬರಿನಲ್ಲಿ, ಅದೇ ರಾಜ್ಯದಲ್ಲಿ ಸುಮಾರು 15 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಶೇಕಡಾ ಲೆಕ್ಕದಲ್ಲಿ 19ರ ಅಂತರ. ಡೆಮಾಕ್ರಟರ ಕೋಟೆ ಅನ್ನಿಸಿಕೊಂಡಿದ್ದ ಮಯಾಮಿ-ಡೇಡ್ ಕೌಂಟಿಯೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಅವರ ಪಾಲಾಯಿತು. ಅದೇ ರಾತ್ರಿ ದೇಶದ ಬೇರೆ ಕಡೆ ರಿಪಬ್ಲಿಕನ್ನರಿಗೆ ನಿರಾಸೆ ಕಾದಿತ್ತು. ಟ್ರಂಪ್ ಬೆನ್ನು ತಟ್ಟಿ ನಿಲ್ಲಿಸಿದ್ದ ಹಲವರು ಸೋತಿದ್ದರು. ಮರುದಿನ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ಮುಖಪುಟದ ತುಂಬ ಡಿಸ್ಯಾಂಟಿಸ್ ಕುಟುಂಬದ ಫೋಟೊ ಹಾಕಿ, ಇವರೇ ಮುಂದಿನ ಭವಿಷ್ಯ ಅನ್ನುವ ಅರ್ಥದ ತಲೆಬರಹ ಕೊಟ್ಟಿತು. ಆಗ ಅವರಿಗೆ 44 ವರ್ಷ.

ಅಲ್ಲಿಂದ 14 ತಿಂಗಳಿಗೆ, 2024ರ ಜನವರಿ 21ರಂದು, ಒಂದು ವಿಡಿಯೊ ಹಾಕಿ, ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಕಣದಿಂದ ಹಿಂದೆ ಸರಿದರು. ಟ್ರಂಪ್‌ಗೆ ಬೆಂಬಲವನ್ನೂ ಘೋಷಿಸಿದರು. ಅಷ್ಟರಲ್ಲಿ ಮತ ಹಾಕಿದ್ದು ಒಂದೇ ಒಂದು ರಾಜ್ಯ, ಅಯೋವಾ.

ಸಲಹೆಗಾರರೋ ಅಭ್ಯರ್ಥಿಯೋ ಅಂತ ಕೇಳಿದ್ದೀರಿ. ಎರಡೂ ಕಡೆ ತಪ್ಪಿದೆ, ಹೇಳುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಮೊದಲ ಕಾರಣ ಬೇರೆ. ಅವರು ಕೂರಲು ಹೊರಟ ಜಾಗ ಖಾಲಿಯೇ ಇರಲಿಲ್ಲ. ಪ್ರಚಾರದ ಉಳಿದ ಎಡವಟ್ಟುಗಳೆಲ್ಲ ಈ ಒಂದು ತಪ್ಪು ಲೆಕ್ಕದ ಮೇಲೆ ಬಂದು ಕೂತವು.

ಅವರ ಲೆಕ್ಕ ಏನಿತ್ತು ನೋಡಿ. ರಿಪಬ್ಲಿಕನ್ ಮತದಾರರಲ್ಲಿ ಒಂದು ಪಾಲು ಟ್ರಂಪ್ ಬೇಡವೇ ಬೇಡ ಅನ್ನುವವರು. ಒಂದು ಪಾಲು ಏನೇ ಆದರೂ ಟ್ರಂಪೇ ಅನ್ನುವವರು. ಇವರಿಬ್ಬರ ನಡುವೆ ದೊಡ್ಡ ಗುಂಪೊಂದಿದೆ. ಅವರಿಗೆ ಟ್ರಂಪ್ ಮಾಡಿದ ಕೆಲಸ ಇಷ್ಟ, ಆದರೆ ಗಲಾಟೆ ಸಾಕಾಗಿದೆ, ಸೋಲು ಸಾಕಾಗಿದೆ. ಆ ನಡುವಿನ ಗುಂಪಿಗೆ ಡಿಸ್ಯಾಂಟಿಸ್ ಹೇಳಿದ್ದು ಇಷ್ಟು: ನಿಮಗೆ ಬೇಕಾದ ನೀತಿಗಳೆಲ್ಲ ನನ್ನ ಹತ್ತಿರ ಇವೆ, ತಲೆನೋವು ಮಾತ್ರ ಇಲ್ಲ, ಜತೆಗೆ ನಾನು ಗೆಲ್ಲುತ್ತೇನೆ. ಕಾಗದದ ಮೇಲೆ ಒಳ್ಳೆಯ ಲೆಕ್ಕವೇ. 2023ರ ಶುರುವಿನ ಸಮೀಕ್ಷೆಗಳಲ್ಲಿ ಅವರಿಗೆ ಶೇಕಡಾ 30ರ ಆಸುಪಾಸು ಬೆಂಬಲ ಇತ್ತು. ಹಾಲಿ ಗವರ್ನರ್ ಒಬ್ಬರಿಗೆ, ಇನ್ನೂ ಕಣಕ್ಕೇ ಇಳಿಯದವರಿಗೆ, ಅದು ಸಣ್ಣ ಅಂಕಿ ಅಲ್ಲ.

ಆ ಗುಂಪು ನಿಜವಾಗಿ ಟ್ರಂಪ್‌ರನ್ನು ಬಿಟ್ಟಿತ್ತಾ? ಇಲ್ಲ. ಸೋಲಿನ ಬೇಸರದಲ್ಲಿ ಸ್ವಲ್ಪ ದೂರ ನಿಂತಿತ್ತು, ಅಷ್ಟೇ. 2023ರ ಮಾರ್ಚ್ 30ರಂದು ಅದು ಬಯಲಾಯಿತು. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ಟ್ರಂಪ್ ಮೇಲೆ ಕ್ರಿಮಿನಲ್ ಆರೋಪ ಹೊರಿಸಿದ ಸುದ್ದಿ ಬಂತು. ಮಾಜಿ ಅಧ್ಯಕ್ಷರೊಬ್ಬರ ಮೇಲೆ ಇಂಥದ್ದು ಅದೇ ಮೊದಲು. ಸಾಮಾನ್ಯವಾಗಿ ಇಂಥ ಸುದ್ದಿ ಬಂದರೆ ಅಭ್ಯರ್ಥಿ ಮಣ್ಣುಪಾಲು. ಇಲ್ಲಿ ಆಗಿದ್ದು ತದ್ವಿರುದ್ಧ. ನಮ್ಮ ಮನುಷ್ಯನ ಮೇಲೆ ಕೈ ಮಾಡಿದ್ದಾರೆ ಅನ್ನುವ ಭಾವನೆ ರಿಪಬ್ಲಿಕನ್ ಮತದಾರರಲ್ಲಿ ಎದ್ದುಬಿಟ್ಟಿತು. ದೂರ ನಿಂತಿದ್ದವರು ವಾಪಸ್ ಬಂದರು. ಜೂನ್‌ನಲ್ಲಿ ರಹಸ್ಯ ದಾಖಲೆಗಳ ಪ್ರಕರಣ, ಆಗಸ್ಟ್‌ನಲ್ಲಿ 2020ರ ಚುನಾವಣೆಯ ಫಲಿತಾಂಶ ಬುಡಮೇಲು ಮಾಡಲು ನೋಡಿದ ಆರೋಪದ ವಾಷಿಂಗ್ಟನ್ ಮತ್ತು ಜಾರ್ಜಿಯಾದ ಪ್ರಕರಣಗಳು. ಒಂದೊಂದು ಪ್ರಕರಣ ಬಂದಾಗಲೂ ಟ್ರಂಪ್ ಸುತ್ತಲಿನ ಗೋಡೆ ಇನ್ನಷ್ಟು ಗಟ್ಟಿ ಆಯಿತು. ಜಾರ್ಜಿಯಾದ ಜೈಲಿನಲ್ಲಿ ತೆಗೆದ ಟ್ರಂಪ್ ಫೋಟೊವನ್ನು ಟೀ ಶರ್ಟ್, ಮಗ್‌ಗಳ ಮೇಲೆ ಅಚ್ಚು ಹಾಕಿ ಮಾರಿ, ಅದರಿಂದಲೇ ಪ್ರಚಾರಕ್ಕೆ ಹಣ ಎತ್ತಿದರು.

ಈಗ ಡಿಸ್ಯಾಂಟಿಸ್ ಜಾಗದಲ್ಲಿ ನಿಂತು ನೋಡಿ. ಏನು ಹೇಳುತ್ತೀರಿ? ಆರೋಪಗಳು ನಿಜ ಅಂದರೆ ಮತದಾರರು ಸಿಟ್ಟಾಗುತ್ತಾರೆ. ಸುಳ್ಳು ಅಂದರೆ, ಹಾಗಾದರೆ ಟ್ರಂಪ್‌ಗೇ ಮತ ಹಾಕುತ್ತೇವೆ, ನೀವ್ಯಾಕೆ ನಿಂತಿದ್ದೀರಿ ಅಂತ ಕೇಳುತ್ತಾರೆ. ಮಾರ್ಚ್‌ನಲ್ಲೇ ಒಮ್ಮೆ ಅವರು ಸಣ್ಣದಾಗಿ ಚುಚ್ಚಿ ನೋಡಿದರು. ಪೋರ್ನ್ ತಾರೆಯೊಬ್ಬಳ ಬಾಯಿ ಮುಚ್ಚಿಸಲು ಹಣ ಕೊಡುವ ವ್ಯವಹಾರ ನನಗೆ ಗೊತ್ತಿಲ್ಲ ಅನ್ನುವ ಅರ್ಥದ ಮಾತು. ಮ್ಯಾನ್‌ಹ್ಯಾಟನ್ ಪ್ರಕರಣ ಇದ್ದಿದ್ದು ಅಂಥ ಹಣದ ಬಗ್ಗೆಯೇ. ಸಭೆಯಲ್ಲಿ ನಗು ಬಂತು. ಆದರೆ ಟ್ರಂಪ್ ಅಭಿಮಾನಿಗಳು ಮುಗಿಬಿದ್ದರು. ಆಮೇಲೆ ಬಹಳ ತಿಂಗಳು ಅವರು ಆ ಕಡೆ ಹೋಗಲೇ ಇಲ್ಲ. ಸರ್ಕಾರದ ಕಾನೂನು ಯಂತ್ರ ರಾಜಕೀಯದ ಆಯುಧ ಆಗಿದೆ ಅಂತ ದೂರುತ್ತಾ, ಅಂದರೆ ಟ್ರಂಪ್ ಪರವಾಗಿಯೇ ವಾದಿಸುತ್ತಾ ಕಾಲ ಕಳೆದರು.

ಆ ಇಕ್ಕಟ್ಟು ಕಣ್ಣಿಗೆ ಕಟ್ಟಿದಂತೆ ಕಂಡಿದ್ದು ಆಗಸ್ಟ್ 23ರಂದು, ಮಿಲ್ವಾಕಿಯಲ್ಲಿ ನಡೆದ ಮೊದಲ ಚರ್ಚೆಯಲ್ಲಿ. ವೇದಿಕೆ ಮೇಲೆ ಎಂಟು ಜನ ಅಭ್ಯರ್ಥಿಗಳು. ಟ್ರಂಪ್ ಬಂದೇ ಇಲ್ಲ. ಟ್ರಂಪ್‌ಗೆ ಶಿಕ್ಷೆಯಾದರೂ ಪಕ್ಷ ಅವರನ್ನೇ ಆರಿಸಿದರೆ ಯಾರೆಲ್ಲ ಬೆಂಬಲಿಸುತ್ತೀರಿ, ಕೈ ಎತ್ತಿ ಅಂತ ನಿರೂಪಕರು ಕೇಳಿದರು. ವಿವೇಕ್ ರಾಮಸ್ವಾಮಿ ಕೈ ತಟ್ಟನೆ ಮೇಲೆ ಹೋಯಿತು. ಡಿಸ್ಯಾಂಟಿಸ್ ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಈ ಕಡೆ ನೋಡಿದರು, ಆಮೇಲೆ ಕೈ ಎತ್ತಿದರು. ಎರಡೇ ಸೆಕೆಂಡು. ಇಡೀ ಪ್ರಚಾರದಲ್ಲಿ ಒಂದೇ ತುಣುಕು ತೋರಿಸು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ನಾಯಕನನ್ನು ಹುಡುಕುತ್ತಿದ್ದ ಮತದಾರನಿಗೆ ಆ ಎರಡು ಸೆಕೆಂಡು ಸಾಕಾಗಿತ್ತು.

ಇನ್ನೊಂದು ವಿಷಯ ಇದೆ, ಇದನ್ನು ಜನ ಜಾಸ್ತಿ ಗಮನಿಸುವುದಿಲ್ಲ. ಡಿಸ್ಯಾಂಟಿಸ್‌ಗೆ ದೇಶಮಟ್ಟದ ಹೆಸರು ತಂದುಕೊಟ್ಟಿದ್ದು ಕೋವಿಡ್. ಬೇರೆ ರಾಜ್ಯಗಳು ಬಾಗಿಲು ಹಾಕಿ ಕೂತಾಗ ಅವರು ಶಾಲೆ, ಅಂಗಡಿ ತೆರೆಸಿದರು. ಟ್ರಂಪ್‌ಗಿಂತ ನಾನು ಗಟ್ಟಿ ಅಂತ ಹೇಳಲು ಅವರ ಹತ್ತಿರ ಇದ್ದ ಒಳ್ಳೆಯ ಅಸ್ತ್ರ ಅದೊಂದೇ. ಆದರೆ ಅಮೆರಿಕದಲ್ಲಿ ಕೋವಿಡ್ ತುರ್ತು ಪರಿಸ್ಥಿತಿ ಅಧಿಕೃತವಾಗಿ ಮುಗಿದಿದ್ದು 2023ರ ಮೇ 11ಕ್ಕೆ. ಅವರು ಕಣಕ್ಕಿಳಿದಿದ್ದು ಮೇ 24ಕ್ಕೆ. ಅಷ್ಟರಲ್ಲಿ ಜನ ಅದನ್ನು ಮರೆಯಲು ನೋಡುತ್ತಿದ್ದರು. ಮಾಸ್ಕ್, ಲಸಿಕೆ, ಲಾಕ್‌ಡೌನ್ ಮಾತು ಎತ್ತಿದರೆ ಸಭೆಯಲ್ಲಿ ಚಪ್ಪಾಳೆ ಬರುತ್ತಿತ್ತು, ಮತ ಮಾತ್ರ ಕದಲುತ್ತಿರಲಿಲ್ಲ.

ತಡ ಮಾಡಿದ್ದೂ ಪೆಟ್ಟು ಕೊಟ್ಟಿತು. ಟ್ರಂಪ್ 2022ರ ನವೆಂಬರ್ 15ಕ್ಕೇ ಸ್ಪರ್ಧೆ ಘೋಷಿಸಿದ್ದರು. ಡಿಸ್ಯಾಂಟಿಸ್ ಫ್ಲೋರಿಡಾದ ಶಾಸನಸಭೆಯ ಅಧಿವೇಶನ ಮುಗಿಯಲಿ, ತೋರಿಸಲು ಒಂದಷ್ಟು ಕಾನೂನುಗಳು ಕೈಯಲ್ಲಿರಲಿ ಅಂತ ಕಾದರು. ಆ ಆರು ತಿಂಗಳು ಟ್ರಂಪ್ ಕಡೆಯವರು ಸುಮ್ಮನೆ ಕೂರಲಿಲ್ಲ. ಅಡ್ಡಹೆಸರಿಟ್ಟರು. ಸಂಸದರಾಗಿದ್ದಾಗ ಪಿಂಚಣಿ, ವೃದ್ಧರ ಆರೋಗ್ಯ ವಿಮೆ ಕಡಿತಕ್ಕೆ ಒಲವು ತೋರಿಸಿ ಹಾಕಿದ ಮತಗಳನ್ನು ಹುಡುಕಿ ತೆಗೆದು ಟಿವಿ ಜಾಹೀರಾತು ಮಾಡಿದರು. ಏಪ್ರಿಲ್ ಮುಗಿಯುವ ಹೊತ್ತಿಗೆ ಫ್ಲೋರಿಡಾದ ರಿಪಬ್ಲಿಕನ್ ಸಂಸದರಲ್ಲಿ ಅರ್ಧಕ್ಕೂ ಹೆಚ್ಚು ಜನ ಟ್ರಂಪ್ ಬೆನ್ನಿಗೆ ನಿಂತಿದ್ದರು. ಅವರಲ್ಲಿ ಬೈರನ್ ಡೊನಾಲ್ಡ್ಸ್ ಕೂಡ ಒಬ್ಬರು. ಐದು ತಿಂಗಳ ಹಿಂದಷ್ಟೇ ಡಿಸ್ಯಾಂಟಿಸ್ ವಿಜಯೋತ್ಸವದ ವೇದಿಕೆಯಲ್ಲಿ ಅವರನ್ನು ಪರಿಚಯಿಸಿದವರು. ಸ್ವಂತ ಊರಿನವರೇ ಜತೆಗಿಲ್ಲ ಅನ್ನುವ ಸುದ್ದಿ ಹೊರಗಿನವರಿಗೆ ಯಾವ ಸಂದೇಶ ಕೊಡುತ್ತದೆ, ಹೇಳಿ. ಟ್ರಂಪ್ ಆ ಸಂಸದರಿಗೆ ತಾವೇ ಫೋನ್ ಮಾಡುತ್ತಿದ್ದರು, ಊಟಕ್ಕೆ ಕರೆಯುತ್ತಿದ್ದರು. ಡಿಸ್ಯಾಂಟಿಸ್‌ಗೆ ಈ ಒಡನಾಟದ ಅಭ್ಯಾಸ ಇರಲಿಲ್ಲ. ಇದು ಸ್ವಭಾವದ ಮಾತು. ಅಭ್ಯರ್ಥಿಯ ಮೇಲೆ ನೇರವಾಗಿ ಹೊರಿಸಬಹುದಾದ ತಪ್ಪು ಇದು.

ಮೇ 24ರ ಘೋಷಣೆಯ ಕತೆ ನಿಮಗೆ ನೆನಪಿರಬಹುದು. ಊರಲ್ಲಿ ವೇದಿಕೆ ಹಾಕಿ, ಹೆಂಡತಿ ಮಕ್ಕಳ ಜತೆ ನಿಂತು ಹೇಳುವ ಬದಲು, ಟ್ವಿಟರ್‌ನಲ್ಲಿ ಇಲಾನ್ ಮಸ್ಕ್ ಜತೆ ಧ್ವನಿ ಸಂವಾದದಲ್ಲಿ ಘೋಷಿಸಲು ಹೊರಟರು. ಅಲ್ಲಿ ಸಂಜೆ ಆರು ಗಂಟೆ, ನಮ್ಮಲ್ಲಿ ಮರುದಿನ ಬೆಳಗಿನ ಜಾವ ಮೂರೂವರೆ. ಲಕ್ಷಾಂತರ ಜನ ಒಟ್ಟಿಗೆ ಬಂದರು, ವ್ಯವಸ್ಥೆ ತಾಳಲಿಲ್ಲ. 20 ನಿಮಿಷಕ್ಕೂ ಜಾಸ್ತಿ ಹೊತ್ತು ಒಮ್ಮೆ ಮೌನ, ಒಮ್ಮೆ ಪ್ರತಿಧ್ವನಿ, ಒಮ್ಮೆ ಅರ್ಧ ವಾಕ್ಯ. ಕೊನೆಗೆ ಬೇರೊಬ್ಬರ ಖಾತೆಯಿಂದ ಮತ್ತೆ ಶುರು ಮಾಡಬೇಕಾಯಿತು. ಎಲ್ಲರೂ ಆ ತಾಂತ್ರಿಕ ತೊಂದರೆಯನ್ನೇ ಆಡಿಕೊಂಡರು. ನನಗೆ ಅದಕ್ಕಿಂತ ದೊಡ್ಡ ತಪ್ಪು ಅನ್ನಿಸಿದ್ದು ಧ್ವನಿ ಸರಿಹೋದ ಮೇಲೆ ಆಡಿದ ಮಾತು. ಬಿಟ್‌ಕಾಯಿನ್, ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳ ಸುಧಾರಣೆ, ಇಂಥವು. ಅಯೋವಾದ ಜೋಳದ ರೈತನಿಗೆ, ದಿನಸಿ ಬೆಲೆ ನೋಡಿ ಕಂಗಾಲಾದ ಗೃಹಿಣಿಗೆ ಇದರಲ್ಲಿ ಏನಿದೆ? ಪ್ರಚಾರ ತಂಡದಲ್ಲಿ ಇದ್ದವರಲ್ಲಿ ಬಹಳ ಮಂದಿ ದಿನವಿಡೀ ಆನ್‌ಲೈನ್‌ನಲ್ಲೇ ಬದುಕುವವರು. ಅಲ್ಲಿ ಚಪ್ಪಾಳೆ ಗಿಟ್ಟಿಸುವ ವಿಷಯಗಳೇ ದೇಶದ ವಿಷಯಗಳು ಅಂತ ಅವರಿಗೆ ಅನ್ನಿಸಿತು. ಟಿವಿ, ಪತ್ರಿಕೆಗಳ ಸಂದರ್ಶನವನ್ನು ಮೊದಮೊದಲು ದೂರ ಇಟ್ಟರು. ತಪ್ಪಾಯಿತು, ಶುರುವಿನಿಂದಲೇ ಎಲ್ಲ ಕಡೆ ಹೋಗಬೇಕಿತ್ತು ಅಂತ 2024ರ ಜನವರಿಯಲ್ಲಿ ಡಿಸ್ಯಾಂಟಿಸ್ ತಾವೇ ಒಪ್ಪಿಕೊಂಡರು.

ಈಗ ಹಣದ ವಿಷಯಕ್ಕೆ ಬರೋಣ. ಹಣ ಇದ್ದೂ ಯಾಕೆ ಅಂತ ನೀವು ಕೇಳಿದ್ದೀರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಮೆರಿಕದ ಪ್ರಚಾರಗಳು ಮುಳುಗುವುದು ಬಹಳ ಸಲ ಇಲ್ಲೇ.

ಅಲ್ಲಿ ಪ್ರಚಾರಕ್ಕೆ ಎರಡು ಥರದ ಹಣ ಇದೆ. ಒಂದು, ಅಭ್ಯರ್ಥಿಯ ಸ್ವಂತ ಪ್ರಚಾರ ಸಮಿತಿಯ ಹಣ. ಇದಕ್ಕೆ ಕಟ್ಟುನಿಟ್ಟಿನ ಮಿತಿ. 2024ರ ಚುನಾವಣೆಗೆ ಒಬ್ಬ ವ್ಯಕ್ತಿ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನಕ್ಕೆ, 3,300 ಡಾಲರ್, ಮುಖ್ಯ ಚುನಾವಣೆಗೆ ಇನ್ನೊಂದು 3,300 ಡಾಲರ್ ಕೊಡಬಹುದಿತ್ತು, ಅದಕ್ಕಿಂತ ಜಾಸ್ತಿ ಕೊಡುವ ಹಾಗಿರಲಿಲ್ಲ. ಎರಡನೇ ಕಂತನ್ನು ಪ್ರೈಮರಿಯಲ್ಲಿ ಮುಟ್ಟುವ ಹಾಗೂ ಇಲ್ಲ. ಇನ್ನೊಂದು, ಸೂಪರ್ ಪ್ಯಾಕ್‌ಗಳ ಹಣ. 2010ರ ನ್ಯಾಯಾಲಯದ ತೀರ್ಪುಗಳ ನಂತರ ಹುಟ್ಟಿಕೊಂಡ ಈ ಸಮಿತಿಗಳಿಗೆ ಎಷ್ಟು ಬೇಕಾದರೂ ಕೊಡಬಹುದು. ಒಬ್ಬನೇ ಕೋಟ್ಯಧಿಪತಿ ಕೋಟಿ ಡಾಲರ್ ಕೊಟ್ಟರೂ ಸರಿ. ಆದರೆ ಒಂದು ಷರತ್ತು. ಸೂಪರ್ ಪ್ಯಾಕ್ ಆ ಹಣವನ್ನು ಅಭ್ಯರ್ಥಿಗೆ ಕೊಡುವ ಹಾಗಿಲ್ಲ, ಖರ್ಚು ಮಾಡುವಾಗ ಅಭ್ಯರ್ಥಿಯ ಜತೆ ಕೂತು ತಂತ್ರ ಹೆಣೆಯುವ ಹಾಗೂ ಇಲ್ಲ.

ಡಿಸ್ಯಾಂಟಿಸ್ ಹತ್ತಿರ ಎರಡನೇ ಥರದ ಹಣ ರಾಶಿ ಇತ್ತು. 2022ರ ಗವರ್ನರ್ ಚುನಾವಣೆಗೆ ಎತ್ತಿದ್ದರಲ್ಲಿ ಉಳಿದ 8.25 ಕೋಟಿ ಡಾಲರ್ ನೆವರ್ ಬ್ಯಾಕ್ ಡೌನ್ ಅನ್ನುವ ಸೂಪರ್ ಪ್ಯಾಕ್‌ಗೆ ಹೋಯಿತು. 2023ರ ಮೊದಲ ಆರು ತಿಂಗಳಲ್ಲಿ ಅದು ಒಟ್ಟು 13 ಕೋಟಿ ಡಾಲರ್ ತೋರಿಸಿತು. ಕಣ್ಣು ಕೋರೈಸುವ ಅಂಕಿ. ಆದರೆ ಮೊದಲ ಥರದ ಹಣ? ಸ್ವಂತ ಪ್ರಚಾರ ಸಮಿತಿ ಕಣಕ್ಕಿಳಿದ ಮೊದಲ ತ್ರೈಮಾಸಿಕದಲ್ಲಿ ಎತ್ತಿದ್ದು ಸುಮಾರು 2 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಬಂದಿದ್ದು ಒಂದೇ ಏಟಿಗೆ ಮಿತಿಯಷ್ಟೂ ಕೊಟ್ಟ ಶ್ರೀಮಂತರಿಂದ. ಅವರ ಹತ್ತಿರ ಮತ್ತೆ ಕೇಳುವ ಹಾಗಿಲ್ಲ. ತಿಂಗಳು ತಿಂಗಳು 20, 30 ಡಾಲರ್ ಹಾಕುವ ಸಣ್ಣ ದಾನಿಗಳು ತೀರಾ ಕಡಿಮೆ. ಆ ಸಣ್ಣ ದಾನಿಗಳೆಲ್ಲ ಟ್ರಂಪ್ ಹತ್ತಿರ ಇದ್ದರು. ಪ್ರಚಾರ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಲು ನಾನು ಮೊದಲು ಹುಡುಕುವುದು ಈ ಒಂದು ಅಂಕಿಯನ್ನೇ. ಸಮೀಕ್ಷೆಗಿಂತ ಇದು ಬೇಗ ಸತ್ಯ ಹೇಳುತ್ತದೆ.

ಇತ್ತ ಖರ್ಚು ನೋಡಿದರೆ ಆಗಲೇ ಗೆದ್ದವರ ಥರ ಇತ್ತು. ಸಂಬಳದ ಪಟ್ಟಿಯಲ್ಲಿ 90ಕ್ಕೂ ಹೆಚ್ಚು ಜನ. ಓಡಾಟಕ್ಕೆ ಖಾಸಗಿ ವಿಮಾನ. ಜುಲೈ ಮುಗಿಯುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಿಬ್ಬಂದಿಯನ್ನು ತೆಗೆದರು. ಆಗಸ್ಟ್‌ನಲ್ಲಿ ಪ್ರಚಾರದ ಮುಖ್ಯಸ್ಥೆಯನ್ನೇ ಬದಲಾಯಿಸಿದರು.

ಹಾಗಾಗಿ ಕೆಲಸವನ್ನೆಲ್ಲ ಸೂಪರ್ ಪ್ಯಾಕ್‌ಗೆ ವಹಿಸಿದರು. ಟಿವಿ ಜಾಹೀರಾತು ಮಾತ್ರ ಅಲ್ಲ, ಮನೆ ಮನೆಗೆ ಹೋಗುವುದು, ಸಭೆ ಏರ್ಪಡಿಸುವುದು, ಕೊನೆಗೆ ಅಯೋವಾದಲ್ಲಿ ಓಡಾಡುವ ಬಸ್ಸೂ ಸೂಪರ್ ಪ್ಯಾಕ್‌ನದೇ. ಡಿಸ್ಯಾಂಟಿಸ್ ಆ ಸಭೆಗಳಿಗೆ ವಿಶೇಷ ಅತಿಥಿಯಾಗಿ ಬರುತ್ತಿದ್ದರು! ತಮ್ಮದೇ ಪ್ರಚಾರಕ್ಕೆ ತಾವೇ ಅತಿಥಿ. ಹಿಂದೆ ಯಾರೂ ಇಷ್ಟು ದೊಡ್ಡ ಮಟ್ಟದಲ್ಲಿ ಹೀಗೆ ಮಾಡಿರಲಿಲ್ಲ. ಮನೆ ಬಾಗಿಲು ತಟ್ಟುವವರಲ್ಲಿ ಬಹಳ ಮಂದಿ ಸಂಬಳಕ್ಕೆ ಬಂದವರು, ಹೊರ ರಾಜ್ಯದವರು. ಆ ಹುಡುಗರು ಬಿಸಿಲಲ್ಲಿ, ಚಳಿಯಲ್ಲಿ ದುಡಿದಿದ್ದಾರೆ, ಅವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಬಾಗಿಲಲ್ಲಿ ನಿಂತ ಅಪರಿಚಿತನ ಮಾತಿಗೂ, ಭಾನುವಾರ ಚರ್ಚಿನಲ್ಲಿ ಪಕ್ಕ ಕೂರುವವರ ಮಾತಿಗೂ ವ್ಯತ್ಯಾಸ ಇದೆ ಅಲ್ವಾ?

ಮಾತಾಡುವ ಹಾಗಿಲ್ಲ ಅನ್ನುವ ಆ ಷರತ್ತು ಎಂಥ ಅವಾಂತರ ಮಾಡಿತು ಗೊತ್ತಾ? ಮೊದಲ ಚರ್ಚೆಗೆ ಒಂದು ವಾರ ಇರುವಾಗ, ಚರ್ಚೆಯಲ್ಲಿ ಡಿಸ್ಯಾಂಟಿಸ್ ಏನು ಹೇಳಬೇಕು ಅನ್ನುವ ಟಿಪ್ಪಣಿ ಒಂದು ವೆಬ್‌ಸೈಟ್‌ನಲ್ಲಿ ಸಿಕ್ಕಿತು. ಸೂಪರ್ ಪ್ಯಾಕ್‌ನ ಮುಖ್ಯ ತಂತ್ರಗಾರ ಜೆಫ್ ರೋ ಅವರ ಕಂಪನಿಯ ವೆಬ್‌ಸೈಟ್ ಅದು. ನೇರವಾಗಿ ಕಳಿಸಿದರೆ ಕಾನೂನು ಅಡ್ಡ ಬರುತ್ತದೆ, ಎಲ್ಲರಿಗೂ ಕಾಣುವ ಕಡೆ ಇಟ್ಟರೆ ತೊಂದರೆ ಇಲ್ಲ. ಹೀಗೆ ಹಾಕಿಡುವುದು ಅಲ್ಲಿ ಮೊದಲಿನಿಂದಲೂ ಇರುವ ಉಪಾಯ. ಈ ಸಲ ನ್ಯೂಯಾರ್ಕ್ ಟೈಮ್ಸ್ ಕಣ್ಣಿಗೆ ಬಿತ್ತು. ಬೈಡನ್ ಮೇಲೆ ಮೂರರಿಂದ ಐದು ಸಲ ದಾಳಿ ಮಾಡಿ, ರಾಮಸ್ವಾಮಿಯನ್ನು ಬಡಿಯಿರಿ, ಟ್ರಂಪ್ ಇಲ್ಲದಿದ್ದರೂ ಅವರ ಪರ ಮಾತಾಡಿ, ಇಂಥ ಸಲಹೆಗಳು. ಅದು ಹೊರಬಿದ್ದ ಮೇಲೆ ಡಿಸ್ಯಾಂಟಿಸ್ ಕಟ್ಟಿಹಾಕಿದ ಹಾಗಾಯಿತು. ಅದರಂತೆ ನಡೆದರೆ ಗಿಳಿಪಾಠ ಅನ್ನುತ್ತಾರೆ, ನಡೆಯದಿದ್ದರೆ ತಂಡದಲ್ಲಿ ಒಡಕು ಅನ್ನುತ್ತಾರೆ. ಒಂದೇ ಕೋಣೆಯಲ್ಲಿ ಕೂತು ಐದು ನಿಮಿಷದಲ್ಲಿ ಮುಗಿಸಬಹುದಾಗಿದ್ದ ಮಾತು ಅದು.

ಕೊನೆಕೊನೆಗೆ ಸೂಪರ್ ಪ್ಯಾಕ್ ಒಳಗೇ ಜಗಳ ಶುರುವಾಯಿತು. ನವೆಂಬರಿನಲ್ಲಿ ಅದರ ಮುಖ್ಯ ಕಾರ್ಯನಿರ್ವಾಹಕರು ಹೊರಟರು, ಅಧ್ಯಕ್ಷರೂ ಹೊರಟರು. ಡಿಸ್ಯಾಂಟಿಸ್ ಆಪ್ತರು ಇನ್ನೊಂದು ಹೊಸ ಸೂಪರ್ ಪ್ಯಾಕ್ ಕಟ್ಟಿದರು. ಡಿಸೆಂಬರ್ ನಡುವಿನಲ್ಲಿ ರೋ ಕೂಡ ರಾಜೀನಾಮೆ ಕೊಟ್ಟರು. ಮತದಾನಕ್ಕೆ ಉಳಿದಿದ್ದು ನಾಲ್ಕೇ ವಾರ.

ಹಣವೊಂದರಿಂದ ಆಗುವುದಿಲ್ಲ ಅನ್ನುವುದಕ್ಕೆ ನಮ್ಮ ಕಡೆಯವರದೇ ಒಂದು ಉದಾಹರಣೆ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತಿದ್ದರು. ಸ್ವಂತ ಹಣ ಧಾರಾಳವಾಗಿ ಸುರಿದರು, ಟಿವಿ ತುಂಬ ಅವರದೇ ಜಾಹೀರಾತು. ಬಂದಿದ್ದು ಮೂರನೇ ಸ್ಥಾನ. ಆಮೇಲೆ ಡೆಟ್ರಾಯಿಟ್‌ನಿಂದ ರಾಜ್ಯದ ಶಾಸನಸಭೆಗೆ, ಅಲ್ಲಿಂದ ಅಮೆರಿಕದ ಸಂಸತ್ತಿಗೆ ಹೋದರು. ಹೆಸರು ಪರಿಚಯಿಸುವ ತನಕ ಹಣ ಕೆಲಸ ಮಾಡುತ್ತದೆ. ಡಿಸ್ಯಾಂಟಿಸ್ ಹೆಸರು ಎಲ್ಲರಿಗೂ ಆಗಲೇ ಗೊತ್ತಿತ್ತಲ್ಲ, ಅವರಿಗೆ ಬೇಕಿದ್ದು ಬೇರೆಯದು.

ಅಯೋವಾದಲ್ಲಿ ಅವರು ಪಟ್ಟ ಕಷ್ಟವನ್ನು ನಾನು ಕಡೆಗಣಿಸುವುದಿಲ್ಲ. ಅಲ್ಲಿನ 99 ಕೌಂಟಿಗಳನ್ನೂ ಸುತ್ತಿದರು. ಕೊನೆಯದು ಡಿಸೆಂಬರ್ 2ರಂದು, ಜ್ಯಾಸ್ಪರ್ ಕೌಂಟಿಯ ನ್ಯೂಟನ್ ಪಟ್ಟಣದಲ್ಲಿ. ಆಗಿನ ಅಯೋವಾ ಗವರ್ನರ್ ಕಿಮ್ ರೆನಾಲ್ಡ್ಸ್ ಬೆಂಬಲ ಸಿಕ್ಕಿತು. ಅಲ್ಲಿನ ಕ್ರೈಸ್ತ ಸಂಪ್ರದಾಯವಾದಿಗಳಲ್ಲಿ ಹೆಸರಿದ್ದ ಬಾಬ್ ವಾಂಡರ್ ಪ್ಲಾಟ್ಸ್ ಬೆಂಬಲವೂ ಸಿಕ್ಕಿತು. ಹಳೆಯ ಪುಸ್ತಕದ ಪ್ರಕಾರ ಅಯೋವಾ ಗೆಲ್ಲಲು ಬೇಕಾದ್ದೆಲ್ಲ ಇದೇ. 2016ರಲ್ಲಿ ಟೆಡ್ ಕ್ರೂಜ್ ಇದೇ ದಾರಿಯಲ್ಲಿ ಅಯೋವಾದಲ್ಲಿ ಟ್ರಂಪ್‌ರನ್ನು ಸೋಲಿಸಿದ್ದರು. ಆಗ ಕ್ರೂಜ್ ಪ್ರಚಾರ ನಡೆಸಿದವರು ಇದೇ ಜೆಫ್ ರೋ.

ಆದರೆ ಆ ಸೋಲಿನಿಂದ ಟ್ರಂಪ್ ಕಡೆಯವರೂ ಪಾಠ ಕಲಿತಿದ್ದರು. ಅಯೋವಾದಲ್ಲಿ ಅಭ್ಯರ್ಥಿಯನ್ನು ಆರಿಸುವುದು ಕಾಕಸ್ ಅನ್ನುವ ಸಭೆಗಳಲ್ಲಿ. ಕಾಕಸ್ ಅಂದರೆ ಬೆಳಗಿಂದ ಸಂಜೆವರೆಗೆ ಯಾವಾಗಲೋ ಹೋಗಿ ಗುಂಡಿ ಒತ್ತಿ ಬರುವುದಲ್ಲ. ರಾತ್ರಿ ಏಳಕ್ಕೆ ಸರಿಯಾಗಿ ಶಾಲೆಯಲ್ಲೋ ಚರ್ಚಿನಲ್ಲೋ ಸೇರಬೇಕು. ಒಬ್ಬೊಬ್ಬ ಅಭ್ಯರ್ಥಿ ಪರ ಒಬ್ಬರು ಎದ್ದು ನಿಂತು ಮಾತಾಡುತ್ತಾರೆ. ಆಮೇಲೆ ಚೀಟಿ ಮೇಲೆ ಹೆಸರು ಬರೆದು ಕೊಡಬೇಕು. ಇಂಥ ಕಡೆ ಊರಿನವರೇ ಊರಿನವರನ್ನು ಕರೆತರಬೇಕು. ಟ್ರಂಪ್ ತಂಡ ಮತಗಟ್ಟೆಗೊಬ್ಬ ಕ್ಯಾಪ್ಟನ್‌ನನ್ನು ನೇಮಿಸಿತು. ಅವರಿಗೆ ಬಂಗಾರದ ಬಣ್ಣದ ಅಕ್ಷರದ ಬಿಳಿ ಟೋಪಿ ಕೊಟ್ಟಿತು. ಹಿಂದೆ ಕಾಕಸ್‌ಗೆ ಬಾರದ ಹತ್ತು ಜನರನ್ನು ಕರೆತನ್ನಿ, ಅಷ್ಟೇ ನಿಮ್ಮ ಕೆಲಸ ಅಂದಿತು. ಆ ಟೋಪಿಗೆ ಖರ್ಚು ಎಷ್ಟಾಗಿರಬಹುದು? ಎದುರಿನವರ ಕೋಟಿಗಟ್ಟಲೆ ಡಾಲರಿನ ಜಾಲಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡಿತು.

2024ರ ಜನವರಿ 15ರ ರಾತ್ರಿ ಅಯೋವಾದಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕೆಳಗಿನ ಚಳಿ. ಕಾಕಸ್‌ಗಳ ಇತಿಹಾಸದಲ್ಲೇ ಅಷ್ಟು ಚಳಿ ಇರಲಿಲ್ಲ. ಏಳಕ್ಕೆ ಶುರು. ಏಳೂವರೆಗೆ ಸುದ್ದಿಸಂಸ್ಥೆ ಎಪಿ, ಟ್ರಂಪ್ ಗೆದ್ದರು ಅಂತ ಪ್ರಕಟಿಸಿತು. ಆಗ ಎಷ್ಟೋ ಕಡೆ ಜನ ಇನ್ನೂ ಭಾಷಣ ಕೇಳುತ್ತಾ ಕೂತಿದ್ದರು, ಕೈಯಲ್ಲಿ ಚೀಟಿ ಹಾಗೇ ಇತ್ತು. ಡಿಸ್ಯಾಂಟಿಸ್ ಕಡೆಯವರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಆದರೆ ಫಲಿತಾಂಶ ಅದರಿಂದ ಬದಲಾಗುತ್ತಿರಲಿಲ್ಲ. ಟ್ರಂಪ್‌ಗೆ ಶೇಕಡಾ 51. ಡಿಸ್ಯಾಂಟಿಸ್‌ಗೆ 21. ಇನ್ನೊಬ್ಬ ಅಭ್ಯರ್ಥಿ ನಿಕ್ಕಿ ಹೇಲಿಗೆ 19. 99ರಲ್ಲಿ 98 ಕೌಂಟಿ ಟ್ರಂಪ್ ಪಾಲು. ಉಳಿದ ಒಂದು ಹೇಲಿಗೆ, ಒಂದೇ ಮತದ ಅಂತರದಲ್ಲಿ. ಡಿಸ್ಯಾಂಟಿಸ್‌ಗೆ ಒಂದೂ ಇಲ್ಲ.

ಒಳಗೆ ಹೋಗುವ ಮತದಾರರನ್ನು ಅಂದು ಮಾತಾಡಿಸಿದ ಸಮೀಕ್ಷೆಯಲ್ಲಿ ಎರಡು ಉತ್ತರಗಳಿದ್ದವು. ಟ್ರಂಪ್‌ಗೆ ಶಿಕ್ಷೆಯಾದರೂ ಅವರು ಅಧ್ಯಕ್ಷರಾಗಲು ಯೋಗ್ಯರೇ ಅಂದವರು ಸುಮಾರು ಮೂರನೇ ಎರಡು ಭಾಗ. 2020ರಲ್ಲಿ ಬೈಡನ್ ಗೆಲುವು ನ್ಯಾಯವಾದದ್ದಲ್ಲ ಅಂದವರೂ ಅಷ್ಟೇ. ಈ ಎರಡನೆಯದು ನೋಡಿ. ಟ್ರಂಪ್ ಸೋತರು, ನಾನು ಗೆಲ್ಲುತ್ತೇನೆ ಅನ್ನುವುದು ಡಿಸ್ಯಾಂಟಿಸ್‌ರ ಮುಖ್ಯ ಮಾತಾಗಿತ್ತು. ಟ್ರಂಪ್ ಸೋತೇ ಇಲ್ಲ ಅಂತ ನಂಬಿದವರ ಹತ್ತಿರ ಆ ಮಾತು ಹೇಗೆ ನಡೆಯುತ್ತದೆ? ನಾನು ಗಲಾಟೆ ಇಲ್ಲದ ಟ್ರಂಪ್ ಅಂತ ಹೇಳಿಕೊಂಡರೆ, ಆ ಗಲಾಟೆ ಮಾಡಿದ್ದು ಟ್ರಂಪ್ ಅಲ್ಲ ಅಂತ ನಂಬಿದವರೇ ಎದುರಿಗೆ ಕೂತಿದ್ದರು. ಇನ್ನೊಂದು ಕಡೆ, ಟ್ರಂಪ್ ಬೇಡ ಅಂದವರು ಮತ್ತು ದೊಡ್ಡ ದಾನಿಗಳು ಹೇಲಿ ಕಡೆ ಸರಿದಿದ್ದರು. ನವೆಂಬರ್ ಕೊನೆಯಲ್ಲಿ ಶ್ರೀಮಂತ ಉದ್ಯಮಿಗಳಾದ ಕೋಕ್ ಕುಟುಂಬದ ಬೆಂಬಲ ಇರುವ ಸಂಘಟನೆಯೂ ಹೇಲಿಗೆ ಜೈ ಅಂದಿತ್ತು. ನಡುವೆ ನಿಂತ ಡಿಸ್ಯಾಂಟಿಸ್‌ಗೆ ಎರಡೂ ದಡ ಇಲ್ಲ.

ಮುಗ್ಗರಿಸಿದ ಪ್ರಚಾರ ಎದ್ದು ನಿಲ್ಲುವುದುಂಟಾ? ಖಂಡಿತ ಉಂಟು. 2007ರ ಜುಲೈನಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಪ್ರಚಾರ ಹೆಚ್ಚುಕಡಿಮೆ ದಿವಾಳಿ ಎದ್ದಿತ್ತು. ಖಜಾನೆಯಲ್ಲಿ ಉಳಿದಿದ್ದು ಸುಮಾರು 20 ಲಕ್ಷ ಡಾಲರ್. ಅರ್ಧಕ್ಕೂ ಹೆಚ್ಚು ಸಿಬ್ಬಂದಿ ಮನೆಗೆ ಹೋದರು, ಪ್ರಚಾರದ ಮುಖ್ಯಸ್ಥರೂ ಹೊರಟರು. ಮೆಕೇನ್ ಸಾಮಾನ್ಯ ದರ್ಜೆಯ ವಿಮಾನದಲ್ಲಿ ಓಡಾಡುತ್ತಾ, ನ್ಯೂ ಹ್ಯಾಂಪ್‌ಶೈರ್‌ನ ಸಣ್ಣ ಸಣ್ಣ ಸಭೆಗಳಲ್ಲಿ ಜನರ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂತರು. 2008ರ ಜನವರಿ 8ರಂದು ಆ ರಾಜ್ಯ ಗೆದ್ದರು. ಮಾರ್ಚ್‌ಗೆ ಪಕ್ಷದ ಅಭ್ಯರ್ಥಿಯಾದರು. ಅವರಿಗೆ ಸಾಧ್ಯವಾಗಿದ್ದು ಇವರಿಗೆ ಯಾಕೆ ಆಗಲಿಲ್ಲ? ಆ ಸಲ ಅಧ್ಯಕ್ಷ ಬುಷ್ ಎರಡನೇ ಅವಧಿ ಮುಗಿಯುತ್ತಾ ಬಂದಿತ್ತು, ಮತ್ತೆ ನಿಲ್ಲುವ ಹಾಗಿರಲಿಲ್ಲ, ಉಪಾಧ್ಯಕ್ಷ ಚೇನಿ ನಿಂತಿರಲಿಲ್ಲ. ಉಳಿದ ಅಭ್ಯರ್ಥಿಗಳಾದ ಜೂಲಿಯಾನಿ, ರಾಮ್ನಿ, ಹಕಬಿ ಯಾರೂ ಮತದಾರರ ಮನಸ್ಸನ್ನು ಪೂರ್ತಿ ಹಿಡಿದಿರಲಿಲ್ಲ. ಜಾಗ ಖಾಲಿ ಇತ್ತು. ಬಿದ್ದವನು ಎದ್ದು ಬರುವಷ್ಟು ಹೊತ್ತು ಜನ ಕಾದರು.

ಕೊನೆಯ ಪ್ರಶ್ನೆ, 2028ರವರೆಗೆ ಕಾಯಬೇಕಿತ್ತಾ? ಬಹಳ ಜನ ಹೌದು ಅನ್ನುತ್ತಾರೆ. ನಾನು ಅಷ್ಟು ಸುಲಭವಾಗಿ ಹೇಳಲಾರೆ. ಕ್ರಿಸ್ ಕ್ರಿಸ್ಟಿ ಕಾದಿದ್ದರು. 2011ರಲ್ಲಿ ನ್ಯೂಜೆರ್ಸಿಯ ಗವರ್ನರ್ ಆಗಿದ್ದಾಗ ನಿಲ್ಲಿ ನಿಲ್ಲಿ ಅಂತ ಪಕ್ಷದ ದೊಡ್ಡ ದಾನಿಗಳು ಕೇಳಿಕೊಂಡರು. ಈಗ ನನ್ನ ಸಮಯ ಅಲ್ಲ ಅಂದರು. 2013ರಲ್ಲಿ ಅವರ ಕಡೆಯವರು ಸೇತುವೆಯ ದಾರಿ ಮುಚ್ಚಿಸಿದ ಹಗರಣ ಬಂತು. 2016ರಲ್ಲಿ ನಿಂತಾಗ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆರನೇ ಸ್ಥಾನಕ್ಕೆ ಕುಸಿದು ಮನೆಗೆ ಹೋದರು. ಡಿಸ್ಯಾಂಟಿಸ್ ಮನಸ್ಸಿನಲ್ಲೂ ಈ ಕತೆ ಇದ್ದಿರಬೇಕು. ಗವರ್ನರ್ ಅವಧಿ 2027ರ ಜನವರಿಗೆ ಮುಗಿಯಲಿತ್ತು, ಸತತ ಮೂರನೇ ಸಲ ನಿಲ್ಲುವ ಹಾಗಿರಲಿಲ್ಲ. 2022ರ ನವೆಂಬರಿನಂಥ ಹವಾ ಇನ್ನೊಮ್ಮೆ ಬೀಸುತ್ತದೆ ಅಂತ ಯಾರೂ ಬರೆದುಕೊಡಲಿಲ್ಲ. ನಿಂತಿದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ನಿಂತ ಮೇಲೆ, ಟ್ರಂಪ್ ಯಾಕೆ ಬೇಡ ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಲಿಲ್ಲವಲ್ಲ, ಅದಕ್ಕೆ ದೂರುತ್ತೇನೆ. ಹೇಳಿದ್ದರೆ ಗೆಲ್ಲುತ್ತಿದ್ದರು ಅಂತ ಅನ್ನಿಸುವುದಿಲ್ಲ. ಆದರೆ ಮಿಲ್ವಾಕಿಯ ಆ ವೇದಿಕೆಯಲ್ಲಿ ಅಕ್ಕಪಕ್ಕ ನೋಡಬೇಕಾಗಿ ಬರುತ್ತಿರಲಿಲ್ಲ.